ಸಾಲಿಗೆ ಬಂದ ಡಾಕ್ಟ್ರು ಚೀಟಿ ಬರದು ಕೊಟ್ಟಾರ, ಮುಂದ ಏನ್ ಮಾಡ್ಬೇಕು?

ಜೂನ್‌ನಾಗ ಸಾಲಿ ಚಾಲೂ ಆದಮ್ಯಾಲ ನಮ್ಮ ಗದಗ, ಹಾವೇರಿ, ಧಾರವಾಡ ಕಡೆ ಹಳ್ಳಿ ಸಾಲಿಗೆ ಡಾಕ್ಟರ್ ಟೀಮ್ ಬರಾಕ ಶುರು ಆಗ್ತೈತಿ. ತೂಕ ನೋಡ್ತಾರ, ಎತ್ತರ ಅಳೀತಾರ, ಕಣ್ಣು, ಕಿವಿ, ಹಲ್ಲು ನೋಡ್ತಾರ, ಕಡಿಗೆ ಕೆಲವೊಂದಿಷ್ಟು ಮಕ್ಕಳ ಕೈಯಾಗ ಒಂದೊಂದು ಚೀಟಿ ಕೊಟ್ಟು ಹೋಗ್ತಾರ. ಅವತ್ತು ಸಂಜಿಕ ಪಾಲಕರ ವಾಟ್ಸಾಪ್ ಗ್ರೂಪ್‌ನಾಗ ಒಂದರ ಮ್ಯಾಲ ಒಂದು ಮೆಸೇಜ್. "ನಮ್ಮ ಹುಡುಗಿಗೆ ರೆಫರ್ ಅಂತ ಬರದಾರ, ಹಂಗಂದ್ರ ಏನ್ರಿ?" "ಹಾರ್ಟ್ ಪ್ರಾಬ್ಲಮ್ ಇರಬಹುದು ಅಂದಾರ, ಭಾಳ ಖರ್ಚು ಬರ್ತೈತೇನ್ರಿ?" "ಹುಬ್ಬಳ್ಳಿಗೆ ಹೋಗ್ಬೇಕೋ, ಇಲ್ಲೇ ತಾಲೂಕಾ ದವಾಖಾನಿ ಸಾಕೋ?" ಉತ್ತರ ಕೊಡೋರು ಕಡಿಮಿ, ಅಂಜಿಕಿ ಹಾಕೋರು ಭಾಳ.

ಈ ಚೀಟಿ ಹಿಂದ ಒಂದು ದೊಡ್ಡ ವ್ಯವಸ್ಥಾ ಐತಿ. ಅದು ಹೆಂಗ ನಡೀತೈತಿ ಅನ್ನೋದು ಅವ್ವ ಅಪ್ಪಗ ಗೊತ್ತಿದ್ರ ಅರ್ಧ ಕೆಲಸ ಆದಂಗ, ಯಾಕಂದ್ರ ನಮ್ಮಲ್ಲಿ ಎಷ್ಟೋ ಮಕ್ಕಳು ಔಷಧ ಇಲ್ಲದ್ದಕ್ಕ ಹಿಂದ ಉಳಿಯಂಗಿಲ್ಲ, ಈ ಚೀಟಿಗೂ ದವಾಖಾನಿಗೂ ನಡುವ ಎಲ್ಲೋ ಕಳದು ಹೋಗ್ತಾವ.

ಈ ಟೀಮ್ ಯಾರದು?

ಇದರ ಹೆಸರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಎಲ್ಲಾರೂ ಆರ್‌ಬಿಎಸ್‌ಕೆ ಅಂತಾರ. 2013ರ ಫೆಬ್ರುವರಿಯಾಗ ಕೇಂದ್ರ ಸರ್ಕಾರ ಚಾಲೂ ಮಾಡಿದ್ದು, ನಡಸೋದು ರಾಜ್ಯದ ಆರೋಗ್ಯ ಇಲಾಖೆ. ಹುಟ್ಟಿದ ಕೂಸಿನಿಂದ ಹಿಡದು 18 ವರ್ಷದ ತನಕ ಎಲ್ಲಾ ಮಕ್ಕಳೂ ಇದರಾಗ ಬರ್ತಾರ. ಒಂದು ಟೀಮ್‌ನಾಗ ಇಬ್ಬರು ಆಯುಷ್ ಡಾಕ್ಟ್ರು, ಅಂದ್ರ ಆಯುರ್ವೇದ, ಹೋಮಿಯೋಪತಿ ಇಂಥವು ಕಲತವ್ರು (ಒಬ್ಬರು ಗಂಡಸ್ರು, ಒಬ್ಬರು ಹೆಂಗಸ್ರು), ಒಬ್ಬರು ನರ್ಸ್, ಒಬ್ಬರು ಫಾರ್ಮಾಸಿಸ್ಟ್ ಇರಬೇಕು ಅಂತ ನಿಯಮ. ಹೆಣ್ಮಕ್ಕಳನ್ನ ನೋಡಾಕ ಹೆಂಗಸ್ರ ಡಾಕ್ಟ್ರು ಇರ್ಲಿ ಅಂತನ ಹಿಂಗ ಇಟ್ಟಾರ, ಅದು ಚೊಲೊ ವಿಚಾರ.

ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರ್ಕಾರಿ ಮತ್ತ ಅನುದಾನಿತ ಸಾಲಿಗೆ ವರ್ಷಕ್ಕ ಒಂದು ಸಲ ಬರ್ತಾರ. ಈಗಷ್ಟ ಹುಟ್ಟಿದ ಕೂಸನ್ನ ಹೆರಿಗೆ ಆದ ದವಾಖಾನಿ ಒಳಗನ ನೋಡ್ತಾರ, ಮನಿಗೆ ಬಂದಮ್ಯಾಲ ಆರು ವಾರದ ತನಕ ಆಶಾ ಅಕ್ಕಾರು ಬಂದು ನೋಡ್ತಾರ. ಇಲ್ಲೆ ಒಂದು ಮಾತು ನೆನಪಿರ್ಲಿ, ಪೂರಾ ಪ್ರೈವೇಟ್ ಸಾಲಿಗೆ ಈ ಟೀಮ್ ಬರೋದು ನಿಯಮದಾಗ ಇಲ್ಲ. ಪ್ರೈವೇಟ್ ಇಂಗ್ಲಿಷ್ ಮೀಡಿಯಂ ಸಾಲಿಗೆ ಕಳಿಸಿದ್ರ ಎಲ್ಲಾ ಚೊಲೊ ಇರ್ತೈತಿ ಅಂತ ತಿಳ್ಕೊಂಡೋರ ಮಕ್ಕಳ ಕಣ್ಣು ಎಷ್ಟೋ ಸಲ ಯಾರೂ ನೋಡಿರಂಗಿಲ್ಲ. ಅಂಥವ್ರು ತಾವ ಕರ್ಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಹೋಗಬೇಕು.

ಏನೇನು ನೋಡ್ತಾರ?

ನಾಲ್ಕು ಗುಂಪು ಮಾಡ್ಯಾರ. ಹುಟ್ಟಿದಾಗಿಂದ ಇರೋ ದೋಷ, ಏನಾದ್ರೂ ಕೊರತಿ, ಮಕ್ಕಳಾಗ ಹೆಚ್ಚು ಕಾಣೋ ರೋಗ, ಮತ್ತ ಬೆಳವಣಿಗಿ ಹಿಂದ ಬೀಳೋದು. ಈ ನಾಲ್ಕರಾಗ ಸುಮಾರು 30 ತೊಂದರಿ ಬರ್ತಾವ.

ಹುಟ್ಟಿನಿಂದ ಇರೋದು ಅಂದ್ರ ಸೀಳು ತುಟಿ, ಸೊಟ್ಟ ಪಾದ, ಹೃದಯದಾಗ ತೂತು, ಹುಟ್ಟು ಕಿವುಡು, ಕೂಸಿದ್ದಾಗಲೇ ಕಣ್ಣಾಗ ಪೊರಿ ಇಂಥವು. ಕೊರತಿ ಅಂದ್ರ ರಗತ ಕಡಿಮಿ ಇರೋದು, ಎ ವಿಟಮಿನ್ ಡಿ ವಿಟಮಿನ್ ಸಾಲದಿರೋದು, ತೀವ್ರ ಅಪೌಷ್ಟಿಕತೆ. ರೋಗದಾಗ ಕಿವಿ ಸೋರೋದು, ಹುಳುಕು ಹಲ್ಲು, ಕಜ್ಜಿ ತುರಿ, ಉಬ್ಬಸ, ಮೂರ್ಛಿ, ಗಂಟಲು ನೋವಿನಿಂದ ಹೃದಯಕ್ಕ ಹತ್ತೋ ರುಮ್ಯಾಟಿಕ್ ತೊಂದರಿ. ನಾಕನೇದು ಜನರಿಗೆ ಲಗೂನ ತಿಳಿಯಂಗಿಲ್ಲ. ಕೂತ್ಕೊಳ್ಳೋದು, ನಡಿಯೋದು, ಮಾತಾಡೋದು ತಡ ಆಗೋದು, ಆಟಿಸಂ, ಓದು ಬರಹ ತಲಿಗೆ ಹತ್ತದಿರೋದು ಇವೆಲ್ಲಾ ಅದರಾಗ ಬರ್ತಾವ. "ಅವ್ರಪ್ಪನೂ ತಡಾನ ಮಾತಾಡಿದ್ದ" ಅಂತ ಮನಿ ಹಿರ್ಯಾರು ಸಮಾಧಾನ ಹೇಳ್ತಾರ, ಕೆಲವು ಸಲ ಅದು ಖರೇನೂ ಇರ್ತೈತಿ. ಆದ್ರ ಒಂದೂವರಿ ವರ್ಷ ಆದ್ರೂ ಕೂಸು ಅವ್ವ, ಅಪ್ಪ ಅಂತ ಒಂದು ಶಬ್ದಾನೂ ಆಡ್ಲಿಲ್ಲಂದ್ರ, ಹಿಂದಿನಿಂದ ಕರದ್ರ ತಿರುಗಿ ನೋಡ್ಲಿಲ್ಲಂದ್ರ, ಕಾಯೋದು ಬ್ಯಾಡ.

ನಾನು ನಮ್ಮೂರ ಸಾಲಿ ಒಳಗ ಕಣ್ಣು ನೋಡೋದನ್ನ ನಿಂತು ನೋಡೀನಿ. ಗ್ವಾಡಿಗೆ ಇಂಗ್ಲಿಷ್ ಇ ಅಕ್ಷರ ನಾಕೂ ದಿಕ್ಕಿಗೆ ತಿರುಗಿಸಿ ಬರದ ಚಾರ್ಟ್ ಹಚ್ಚಿದ್ರು, ಆರು ಮೀಟರ್ ದೂರ ಗೆರಿ ಎಳದು ಹುಡುಗ್ರನ್ನ ನಿಲ್ಲಿಸಿದ್ರು, ಅಕ್ಷರದ ಬಾಯಿ ಯಾವ ಕಡೆ ಐತಿ ಅಂತ ಕೈ ಮಾಡಿ ತೋರಿಸ್ಬೇಕು, ಅಷ್ಟ. ಮೂರನೇತ್ತಾ ಹುಡುಗಿ ಒಬ್ಬಾಕಿ ಬಲಗಣ್ಣಿಲೆ ಎಲ್ಲಾ ಪಟಪಟ ತೋರಿಸಿದ್ಲು, ಬಲಗಣ್ಣು ಮುಚ್ಚು ಅಂದ ಕೂಡ್ಲೆ ಬೆರಳು ಸಂದಿ ಮಾಡಿ ಮತ್ತ ಅದ ಕಣ್ಣಿಲೆ ಇಣಕಾಕತ್ತಿದ್ಲು. ನರ್ಸ್ ಅಕ್ಕಾರು ಬೈಲಿಲ್ಲ, ತಮ್ಮ ಅಂಗೈಯಿಂದ ಅಕಿ ಕಣ್ಣು ಪೂರಾ ಮುಚ್ಚಿದ್ರು. ಆಗ ಆ ಹುಡುಗಿ ದೊಡ್ಡ ಅಕ್ಷರ ಕಡೆನೂ ಕೈ ಎತ್ತಲಿಲ್ಲ. ಮೂರು ವರ್ಷದಿಂದ ಸಾಲಿಗೆ ಬರಾಕತ್ಯಾಳ, ಎಡಗಣ್ಣು ಕಾಣಂಗಿಲ್ಲ ಅನ್ನೋದು ಅಕಿಗೂ ಗೊತ್ತಿಲ್ಲ, ಮನ್ಯಾಗೂ ಗೊತ್ತಿಲ್ಲ. ಒಂದು ಕಣ್ಣು ಚೊಲೊ ಇದ್ರ ಮಕ್ಕಳು ಅದರಾಗ ಹೆಂಗೋ ನಡಸ್ಕೊಂಡು ಹೋಗಿಬಿಡ್ತಾರ. ಅದಕ್ಕ ವರ್ಷಕ್ಕೊಮ್ಮಿ ಈ ಪರೀಕ್ಷಾ ಬೇಕು.

ರೆಫರ್ ಅಂದ್ರ ರೋಗ ಐತಿ ಅಂತನೇನು?

ಹಂಗ ಇರಬೇಕಂತಿಲ್ಲ. ರೆಫರ್ ಅಂದ್ರ ಮುಂದಿನ ದವಾಖಾನಿಗೆ ತೋರಿಸ್ರಿ ಅಂತ ಕಳಿಸೋದು, ಅಷ್ಟ. ಒಂದು ದಿನದಾಗ ಟೀಮ್ ಭಾಳ ಮಕ್ಕಳನ್ನ ನೋಡ್ತೈತಿ, ಸಾಲಿ ವರಾಂಡದಾಗ ಎಕ್ಸ್‌ರೇ ಇರಂಗಿಲ್ಲ, ಹೃದಯದ ಸ್ಕ್ಯಾನ್ ಮಾಡೋ ಎಕೋ ಮಷಿನ್ ಇರಂಗಿಲ್ಲ. ಅಲ್ಲೆ ಮಾಡೋದು ಸ್ಕ್ರೀನಿಂಗ್, ಅನುಮಾನ ಬಂದವ್ರನ್ನ ಬ್ಯಾರೆ ಮಾಡೋದು. ಮರದಾಗ ಜ್ವಾಳ ಕೇರುವಾಗ ಅನುಮಾನ ಬಂದದ್ದನ್ನೆಲ್ಲಾ ಒಂದು ಮೂಲಿಗೆ ಸರಸ್ತಾರಲ್ಲ, ಅದರಾಗ ಹಳ್ಳೂ ಇರ್ತಾವ, ಚೊಲೊ ಕಾಳೂ ಇರ್ತಾವ, ಕೈಯಾಗ ಹಿಡದು ನೋಡಿದಮ್ಯಾಲ ಯಾವುದು ಯಾವುದು ಅಂತ ಗೊತ್ತಾಗ್ತೈತಿ. ಹಂಗ ಹೃದಯದ ಸಪ್ಪಳ ಬ್ಯಾರೆ ಕೇಳಸ್ತು ಅಂತ ಕಳಿಸಿದ ಮಕ್ಕಳೊಳಗ ಭಾಳ ಮಂದಿಗೆ ಏನೂ ಇರಂಗಿಲ್ಲ, ಬೆಳೆಯೋ ಮಕ್ಕಳೊಳಗ ಅಂಥ ಸಪ್ಪಳ ಸಹಜ. ಸಣ್ಣ ತೂತು ಕೆಲವು ತಾವ ಮುಚ್ಕೋತಾವ. ಆದ್ರ ಅದನ್ನ ಹೇಳಾಕ ಎಕೋ ಬೇಕು, ಎಕೋ ಮಾಡಾಕ ದವಾಖಾನಿಗೆ ಹೋಗ್ಬೇಕು.

ಇದರಾಗ ಎರಡು ತಪ್ಪು ಆಗ್ತಾವ. ಒಂದು, ಚೀಟಿ ನೋಡಿ ಗಾಬರಿ ಆಗಿ ಊಟ ಬಿಡೋದು. ಇನ್ನೊಂದು, ಅದಕ್ಕಿಂತ ಕೆಟ್ಟದ್ದು, ಹುಡುಗ ಆಟ ಆಡ್ತಾನ, ಓಡ್ಯಾಡ್ತಾನ, ಏನೂ ಆಗಿಲ್ಲ ಅಂತ ಚೀಟಿ ಮಡಚಿ ಕಂಪಾಸ್ ಪೆಟ್ಟಿಗಿ ಒಳಗನ ಬಿಡೋದು.

ಚೀಟಿ ತಗೊಂಡು ಎಲ್ಲಿ ಹೋಗ್ಬೇಕು, ರೊಕ್ಕ ಎಷ್ಟು?

ಸಣ್ಣ ತೊಂದರಿ ಇದ್ರ, ಅಂದ್ರ ಕಜ್ಜಿ, ಜಂತು, ಸಾದಾ ರಗತ ಕಡಿಮಿ ಇಂಥವಕ್ಕ, ಟೀಮ್‌ನವ್ರು ಅಲ್ಲೇ ಔಷಧ ಕೊಡ್ತಾರ ಇಲ್ಲಾ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಕಳಸ್ತಾರ. ಅದಕ್ಕಿಂತ ದೊಡ್ಡದಿದ್ರ ತಾಲೂಕಾ ದವಾಖಾನಿ, ಅಲ್ಲಿಂದ ಜಿಲ್ಲಾ ಮಟ್ಟಕ್ಕ. ಜಿಲ್ಲಾ ಮಟ್ಟದಾಗ ಈ ಕಾರ್ಯಕ್ರಮಕ್ಕ ಅಂತನ ಒಂದು ಕೇಂದ್ರ ಇರ್ತೈತಿ, ಡಿಇಐಸಿ ಅಂತಾರ, ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ. ಅಲ್ಲೆ ಮಕ್ಕಳ ಡಾಕ್ಟ್ರು, ಕಿವಿ ಪರೀಕ್ಷಾ ಮಾಡೋರು, ಮಾತು ಕಲಸೋರು, ಫಿಸಿಯೋಥೆರಪಿ ಮಾಡೋರು, ಹಲ್ಲಿನ ಡಾಕ್ಟ್ರು ಒಂದ ಕಡೆ ಸಿಗಬೇಕು ಅನ್ನೋದು ಉದ್ದೇಶ. ಒಂದು ಕೂಸಿಗೆ ನಡಿಯೋದೂ ತಡ, ಮಾತೂ ತಡ ಇದ್ರ ಅವ್ವ ನಾಕು ಊರು ತಿರುಗಬಾರದು ಅಂತ ಇದನ್ನ ಮಾಡಿದ್ದು.

ಗದಗಿನವ್ರಿಗೆ ಗದಗಿನ್ಯಾಗ ಜಿಮ್ಸ್ ಅನ್ನೋ ಸರ್ಕಾರಿ ಮೆಡಿಕಲ್ ಕಾಲೇಜು ದವಾಖಾನಿ ಐತಿ, ಹಾವೇರಿಯವ್ರಿಗೆ ಅಲ್ಲೆ ಮೆಡಿಕಲ್ ಕಾಲೇಜು ಮತ್ತ ಜಿಲ್ಲಾ ದವಾಖಾನಿ ಅದಾವ, ಧಾರವಾಡದಾಗ ಜಿಲ್ಲಾ ದವಾಖಾನಿ ಐತಿ. ಇವಕ್ಕಿಂತ ಮ್ಯಾಲಿಂದು ಬೇಕಂದ್ರ ಹುಬ್ಬಳ್ಳಿ ಕಿಮ್ಸ್, ಈಗ ಹೆಸರು ಬದಲಾಗಿ ಕೆಎಂಸಿಆರ್‌ಐ ಆಗೇತಿ, ಆದ್ರ ಬಸ್ ಕಂಡಕ್ಟರ್ ಇವತ್ತಿಗೂ ಕಿಮ್ಸ್ ಅಂತನ ಕೂಗ್ತಾನ. ಸುತ್ತಲಿನ ಎಷ್ಟೋ ಜಿಲ್ಲಾದಿಂದ ಮಂದಿ ಇಲ್ಲಿಗೆ ಬರ್ತಾರ, ಹಂಗಾಗಿ ಪಾಳಿ ದೊಡ್ಡದು. ಮುಂಜಾನೆ ಲಗೂನ ಹೋಗಿ ಅಲ್ಲಿನ ಓಪಿಡಿ ಚೀಟಿ ಮಾಡಿಸ್ಬೇಕು.

ಇನ್ನ ರೊಕ್ಕದ ವಿಚಾರ. ಈ ಕಾರ್ಯಕ್ರಮದಾಗ ಪತ್ತೆ ಆದ ಮಕ್ಕಳ ಚಿಕಿತ್ಸಾ ಪುಕ್ಕಟೆ, ಆಪರೇಷನ್ ಸೈತ. ಹೃದಯದ ಆಪರೇಷನ್‌ನಂಥ ದೊಡ್ಡದ್ದು ಸರ್ಕಾರಿ ದವಾಖಾನಿ ಒಳಗ ಆಗಂಗಿಲ್ಲ ಅಂದ್ರ ಅವ್ರ ರೆಫರ್ ಮಾಡಿ ಒಪ್ಪಂದ ಇರೋ ಪ್ರೈವೇಟ್ ದವಾಖಾನಿಗೆ ಕಳಸ್ತಾರ. ಅಲ್ಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನಾ ಉಪಯೋಗ ಆಗ್ತೈತಿ. 2018ರಾಗ ಬಂದ ಯೋಜನಾ ಇದು. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕ ವರ್ಷಕ್ಕ 5 ಲಕ್ಷ ರೂಪಾಯಿ ತನಕ ಸರ್ಕಾರ ಕೊಡ್ತೈತಿ, ಎಪಿಎಲ್‌ನವ್ರಿಗೆ ನಿಗದಿ ಮಾಡಿದ ದರದಾಗ 30 ಪರ್ಸೆಂಟ್, ವರ್ಷಕ್ಕ ಒಂದೂವರಿ ಲಕ್ಷದ ಮಿತಿ. ಇಲ್ಲೆ ಮುಖ್ಯ ಮಾತು ಏನಂದ್ರ, ಎಮರ್ಜೆನ್ಸಿ ಬಿಟ್ರ ಬಾಕಿ ಎಲ್ಲಾದಕ್ಕೂ ಸರ್ಕಾರಿ ದವಾಖಾನಿ ರೆಫರ್ ಕಾಗದ ಮೊದಲ ಬೇಕು. ಭಾಳ ಮಂದಿ ಗಾಬರಿಯಾಗಿ ಸೀದಾ ಪ್ರೈವೇಟ್‌ಗೆ ಹೋಗಿ ಅಡ್ಮಿಟ್ ಮಾಡಿಸಿ, ಹೊಲ ಒತ್ತಿ ಇಟ್ಟು ಬಿಲ್ ಕಟ್ಟಿದಮ್ಯಾಲ ಕಾರ್ಡ್ ತೋರಸ್ತಾರ. ಆಗ ಏನೂ ಆಗಂಗಿಲ್ಲ.

ಬಸ್ ಚಾರ್ಜ್‌ದ್ದೂ ಸೊಲ್ಪ ಹಗುರ ಆಗೇತಿ. 2023ರ ಜೂನ್‌ನಾಗ ಶಕ್ತಿ ಯೋಜನಾ ಬಂದಮ್ಯಾಲ ಅವ್ವಗೂ ಮಗಳಿಗೂ ಸಾದಾ ಬಸ್‌ನಾಗ ಟಿಕೆಟ್ ಇಲ್ಲ. ರೋಣದಿಂದ ಹುಬ್ಬಳ್ಳಿಗೆ ಮೂರು ಸಲ ಬಂದು ಹೋಗು ಅಂದ್ರ ಮೊದಲು ಅದ ಒಂದು ದೊಡ್ಡ ಲೆಕ್ಕ ಆಗ್ತಿತ್ತು. ಕೂಲಿ ತಪ್ಪೋ ಲೆಕ್ಕ ಮಾತ್ರ ಹಂಗ ಉಳದೈತಿ.

ತಡ ಮಾಡಿದ್ರ ಏನಾಗ್ತೈತಿ?

ದೊಡ್ಡವ್ರ ರೋಗಕ್ಕೂ ಮಕ್ಕಳ ರೋಗಕ್ಕೂ ಒಂದು ದೊಡ್ಡ ಫರಕ್ ಐತಿ. ಮಕ್ಕಳ ಮೈ ಇನ್ನೂ ತಯಾರ್ ಆಗಾಕತ್ತಿರ್ತೈತಿ, ಅದಕ್ಕ ಒಂದೊಂದು ತೊಂದರಿಗೆ ಒಂದೊಂದು ಅವಧಿ ಇರ್ತೈತಿ. ಆ ಅವಧಿ ದಾಟಿದ್ರ ಅದ ಚಿಕಿತ್ಸಾ ಅರ್ಧ ಕೆಲಸ ಮಾಡ್ತೈತಿ, ಕೆಲವು ಸಲ ಮಾಡೋದ ಇಲ್ಲ.

ಸೊಟ್ಟ ಪಾದ ತಗೋರಿ. ಹುಟ್ಟಿದ ಕೆಲವ ವಾರದಾಗ ಕರ್ಕೊಂಡು ಹೋದ್ರ ಪೊನ್ಸೆಟಿ ಅನ್ನೋ ಪದ್ಧತಿ ಒಳಗ ವಾರಕ್ಕೊಮ್ಮಿ ಪಾದ ಸೊಲ್ಪ ಸೊಲ್ಪ ತಿರುಗಿಸಿ ಪ್ಲಾಸ್ಟರ್ ಹಾಕ್ತಾರ, ಸುಮಾರು ಐದಾರು ಪ್ಲಾಸ್ಟರ್ ಆಗೋದ್ರಾಗ ಪಾದ ನೆಟ್ಟಗ ಬರ್ತೈತಿ, ಹಿಮ್ಮಡಿ ಹಿಂದಿನ ಸ್ನಾಯುರಜ್ಜುವಿಗೆ (ಟೆಂಡನ್) ಒಂದು ಸಣ್ಣ ಕಟ್ ಮಾಡ್ತಾರ, ದೊಡ್ಡ ಆಪರೇಷನ್ ಬೇಕಾಗಂಗಿಲ್ಲ. ಆಮ್ಯಾಲ ನಡುವ ಪಟ್ಟಿ ಇರೋ ಒಂದು ಬೂಟು ಕೊಡ್ತಾರ. ಮೊದಲ ಮೂರು ತಿಂಗಳು ಹೆಚ್ಚು ಕಡಿಮಿ ಇಡೀ ದಿನ, ಆಮ್ಯಾಲ ನಾಕು ವರ್ಷದ ತನಕ ರಾತ್ರಿ ಮಲಗುವಾಗ ಅದನ್ನ ಹಾಕ್ಬೇಕು. ಇಲ್ಲೇ ತಪ್ಪೋದು. ಪಾದ ನೆಟ್ಟಗ ಕಾಣ್ತೈತಿ, ಕೂಸು ಬೂಟು ಹಾಕಿದ್ರ ಅಳ್ತೈತಿ, ಆಯಿ ಪಾಪ ಅಂತಾಳ, ಬೂಟು ಅಟ್ಟಕ್ಕ ಹೋಗ್ತೈತಿ, ವರ್ಷ ತುಂಬೋದ್ರಾಗ ಪಾದ ಮತ್ತ ತಿರುಗ್ತೈತಿ.

ಸೀಳು ತುಟಿಗೆ ಮೂರರಿಂದ ಆರು ತಿಂಗಳಾಗ, ಸೀಳು ಅಂಗುಳಿಗೆ ಒಂದೂವರಿ ವರ್ಷದ ಒಳಗ ಆಪರೇಷನ್ ಆದ್ರ ಕೂಸು ಮಾತು ಸ್ಪಷ್ಟ ಕಲೀತೈತಿ. ನಮ್ಮಲ್ಲಿ ಗ್ರಹಣ ನೋಡಿದ್ದಕ್ಕ ಹಿಂಗ ಆತು ಅಂತ ಬಸುರಿ ಇದ್ದಾಕಿ ಮ್ಯಾಲ ತಪ್ಪು ಹೊರಸ್ತಾರ. ಗ್ರಹಣಕ್ಕೂ ತುಟಿಗೂ ಯಾವ ಸಂಬಂಧಾನೂ ಇಲ್ಲ. ಗರ್ಭದ ಮೊದಲ ಎರಡು ಮೂರು ತಿಂಗಳಾಗ ಮುಖದ ಎರಡೂ ಬದಿ ಬೆಳದು ಕೂಡ್ಬೇಕು, ಅಲ್ಲೆ ಪೂರಾ ಕೂಡಿರಂಗಿಲ್ಲ, ಅಷ್ಟ. ಆ ತಾಯಿದು ತಪ್ಪಿಲ್ಲ.

ಮೆಳ್ಳಗಣ್ಣು ಅದೃಷ್ಟ ಅಂತ ಕೆಲವ್ರು ಅಂತಾರ. ಆ ಕಣ್ಣಿನ ಚಿತ್ರ ಮೆದುಳು ಬಳಸೋದ ಬಿಟ್ರ ಏಳೆಂಟು ವರ್ಷ ಆದಮ್ಯಾಲ ಕನ್ನಡಕ ಹಾಕಿದ್ರೂ ನೋಟ ಪೂರಾ ಬರೋದು ಕಷ್ಟ. ಹುಟ್ಟು ಕಿವುಡಿಗೂ ಹಂಗ. ಮಾತು ಕಲಿಯೋದು ಕೇಳಿ ಕೇಳಿ, ಮೊದಲ ಕೆಲವು ವರ್ಷ ಕಿವಿಗೆ ಸಪ್ಪಳ ಬೀಳಲಿಲ್ಲಂದ್ರ ಮಾತಿನ ದಾರಿ ಬೆಳಿಯಂಗಿಲ್ಲ.

ಐದರಿಂದ ಹದಿನೈದು ವಯಸ್ಸಿನ ಮಕ್ಕಳಾಗ ಇನ್ನೊಂದು ಐತಿ. ಗಂಟಲು ನೋವು ಬಂದು ಹೋಗ್ತೈತಿ, ಎರಡು ಮೂರು ವಾರ ಆದಮ್ಯಾಲ ಮೊಣಕಾಲು ಬಾತು ನೋಯ್ತೈತಿ, ಅದು ಇಳದು ಇನ್ನೊಂದು ಕೀಲಿಗೆ ಹೋಗ್ತೈತಿ. ಆಟದಾಗ ಪೆಟ್ಟಾಗಿರ್ಬೇಕು ಅಂತ ಎಣ್ಣಿ ತಿಕ್ಕಿ ಬಿಡ್ತಾರ. ಅದು ರುಮ್ಯಾಟಿಕ್ ಜ್ವರ ಇದ್ರ ಹೃದಯದ ಕವಾಟ ಹಾಳಾಗ್ತಾವ. ಮೊದಲ ಗೊತ್ತಾದ್ರ ಮೂರು ವಾರಕ್ಕೊಂದು ಪೆನಿಸಿಲಿನ್ ಸೂಜಿ, ವರ್ಷಗಟ್ಟಲೆ ತಪ್ಪದಂಗ ತಗೋಬೇಕು, ಸೂಜಿ ಅಗ್ಗ. ತಡ ಆದ್ರ ಕವಾಟ ಬದಲಿ ಮಾಡೋ ಆಪರೇಷನ್.

ರಗತ ಕಡಿಮಿ: ಎಲ್ಲಾ ಮನ್ಯಾಗೂ ಇರೋ ತೊಂದರಿ

ಇದನ್ನ ಸೊಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರ ಚೀಟಿ ಒಳಗ ಹೆಚ್ಚು ಕಾಣೋದು ಇದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾ ಪ್ರಕಾರ ಕರ್ನಾಟಕದಾಗ ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಾಗ 65.5 ಪರ್ಸೆಂಟ್ ಮಂದಿಗೆ ರಗತ ಕಡಿಮಿ. ಇಡೀ ದೇಶದಾಗ 15ರಿಂದ 19 ವಯಸ್ಸಿನ ಹುಡುಗ್ಯಾರಾಗ 59.1 ಪರ್ಸೆಂಟ್, ಅದ ವಯಸ್ಸಿನ ಹುಡುಗ್ರಾಗ 31.1 ಪರ್ಸೆಂಟ್. ಹುಡುಗ್ರಿಗೂ ಐತಿ ಅನ್ನೋದು ಗಮನಿಸ್ರಿ, ಇದು ಬರೇ ಹೆಂಗಸ್ರ ತೊಂದರಿ ಅಂತ ತಿಳಿಯೋದು ತಪ್ಪು.

ರಗತ ಕಡಿಮಿ ಅಂದ್ರ ಮೈಯಾಗಿನ ರಗತದ ಲೀಟರ್ ಕಡಿಮಿ ಅಂತ ಅರ್ಥ ಅಲ್ಲ. ರಗತದಾಗ ಹಿಮೋಗ್ಲೋಬಿನ್ ಅನ್ನೋ ಕೆಂಪು ಪದಾರ್ಥ ಇರ್ತೈತಿ, ಉಸಿರಿನ ಆಕ್ಸಿಜನ್‌ನ ಮೈ ತುಂಬ ಒಯ್ಯೋದು ಅದ. ಅದು ತಯಾರ್ ಆಗಾಕ ಕಬ್ಬಿಣದ ಅಂಶ ಬೇಕು. 100 ಮಿಲಿ ರಗತದಾಗ ಹಿಮೋಗ್ಲೋಬಿನ್ ಐದು ವರ್ಷದ ಒಳಗಿನ ಕೂಸಿಗೆ 11 ಗ್ರಾಂ, 5ರಿಂದ 11 ವಯಸ್ಸಿಗೆ 11.5, 12ರಿಂದ 14ಕ್ಕ 12, ಅದಕ್ಕ ಮ್ಯಾಲ ಹುಡುಗಿಗೆ 12, ಹುಡುಗಗ 13, ಇದಕ್ಕಿಂತ ಕೆಳಗ ಇದ್ರ ರಗತ ಕಡಿಮಿ ಅಂತಾರ. ಕೂಸಿಗೆ 7ಕ್ಕಿಂತ, ದೊಡ್ಡ ಮಕ್ಕಳಿಗೆ 8ಕ್ಕಿಂತ ಕೆಳಗ ಹೋದ್ರ ಅದು ತೀವ್ರ, ಮನ್ಯಾಗ ಗುಳಿಗಿ ಕೊಟ್ಟು ಕೂಡೋದಲ್ಲ, ದವಾಖಾನಿಗೆ ಹೋಗ್ಬೇಕು.

ಹುಡುಗಿ ಆಲಸಿ ಆಗ್ಯಾಳ, ಓದಾಕ ಕುಂತ್ರ ತೂಕಡಸ್ತಾಳ, ಮೆಟ್ಟಲ ಹತ್ತಿದ್ರ ಏದುಸಿರು ಬಿಡ್ತಾಳ ಅಂತ ಬೈಯ್ತೀವಿ. ಅಕಿ ಕೆಳಗಿನ ಕಣ್ಣರೆಪ್ಪಿ ಸೊಲ್ಪ ಎಳದು ಒಳಗ ನೋಡ್ರಿ, ಕೆಂಪಗ ಇರ್ಬೇಕಾದ್ದು ಬೆಳ್ಳಗ ಇದ್ರ ಬೈಯೋದು ಬಿಟ್ಟು ರಗತ ಪರೀಕ್ಷಾ ಮಾಡಿಸ್ರಿ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನೋ ಚಟ ಇದ್ರೂ ಅದ ಗುರ್ತು.

ಯಾಕ ಬರ್ತೈತಿ? ಹತ್ತು ದಾಟಿದಮ್ಯಾಲ ಮಕ್ಕಳು ಒಮ್ಮಿಂದೊಮ್ಮೆಲೆ ಬೆಳೀತಾರ, ಬೇಕಾಗೋ ಕಬ್ಬಿಣ ಹೆಚ್ಚಾಗ್ತೈತಿ, ಹುಡುಗ್ಯಾರಿಗೆ ಮುಟ್ಟಿನಾಗ ರಗತ ಹೋಗ್ತೈತಿ. ಬರಿಗಾಲಿಲೆ ಹೊಲದಾಗ ಬಯಲಾಗ ಓಡ್ಯಾಡಿದ್ರ ಕೊಕ್ಕೆ ಹುಳ ಪಾದದ ಚರ್ಮದಿಂದ ಒಳಗ ಹೋಗಿ ಕರಳಿಗೆ ಅಂಟ್ಕೊಂಡು ರಗತ ಹೀರ್ತೈತಿ. ಊಟದ್ದೂ ಐತಿ. ನಮ್ಮ ಜ್ವಾಳದ ರೊಟ್ಟಿ, ಕಾಳ ಪಲ್ಯೆ, ತೊಪ್ಪಲ ಪಲ್ಯೆದಾಗ ಕಬ್ಬಿಣ ಐತಿ, ಆದ್ರ ಕಾಳು ತೊಪ್ಪಲದಾಗಿನ ಕಬ್ಬಿಣ ಮೈಗೆ ಹತ್ತೋದು ಸೊಲ್ಪ ಮಾತ್ರ. ಲಿಂಬಿಹಣ್ಣು ಹಿಂಡಿದ್ರ, ನೆಲ್ಲಿಕಾಯಿ, ಪೇರಲಹಣ್ಣು ಜೊತಿಗೆ ತಿಂದ್ರ ಅದು ಹೆಚ್ಚು ಹತ್ತತೈತಿ. ಚಹಾ ಅದಕ್ಕ ಉಲ್ಟಾ, ಊಟದ ಜೊತಿಗೆ ಚಹಾ ಕುಡದ್ರ ಕಬ್ಬಿಣ ಒಳಗ ಹೋಗಾಕ ಬಿಡಂಗಿಲ್ಲ. ನಮ್ಮ ಕಡೆ ಮುಂಜಾನೆ ಹುಡುಗ್ರಿಗೆ ಚಹಾದಾಗ ರೊಟ್ಟಿ ಅದ್ದಿ ತಿನ್ನಿಸಿ ಸಾಲಿಗೆ ಕಳಸ್ತಾರ. ಅದನ್ನೊಂದು ಬಿಟ್ಟು, ರೊಟ್ಟಿಗೆ ಹೆಸರುಕಾಳು ಪಲ್ಯೆ ಹಚ್ಚಿ ಮ್ಯಾಲ ಲಿಂಬಿಹಣ್ಣು ಹಿಂಡಿ ಕೊಡ್ರಿ, ಚಹಾ ಬೇಕಾದ್ರ ಒಂದೆರಡು ತಾಸು ಬಿಟ್ಟು ಕುಡೀಲಿ.

ಊಟ ಒಂದರಾಗ ಕೊರತಿ ತುಂಬಂಗಿಲ್ಲ ಅಂತ ಗುಳಿಗಿ ಕೊಡ್ತಾರ. ಐದು ವರ್ಷದ ಒಳಗಿನವ್ರಿಗೆ ವಾರಕ್ಕ ಎರಡು ಸಲ ಸಿರಪ್, ಐದರಿಂದ ಹತ್ತಕ್ಕ ವಾರಕ್ಕೊಂದು ಗುಲಾಬಿ ಬಣ್ಣದ ಗುಳಿಗಿ, ಹತ್ತರಿಂದ ಹತ್ತೊಂಬತ್ತಕ್ಕ ವಾರಕ್ಕೊಂದು ನೀಲಿ ಗುಳಿಗಿ. ನೀಲಿ ಗುಳಿಗಿ ಒಳಗ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರ್ತೈತಿ. 2018ರಿಂದ ಇದೆಲ್ಲಾ ಅನೀಮಿಯಾ ಮುಕ್ತ ಭಾರತ ಅನ್ನೋ ಹೆಸರಿನ್ಯಾಗ ನಡದೈತಿ. ವಾರಕ್ಕೊಂದು ಗುಳಿಗಿ ರಗತ ಕಡಿಮಿ ಆಗದಂಗ ತಡಿಯಾಕ. ಆಗಲೇ ಕಡಿಮಿ ಇದ್ದವ್ರಿಗೆ ಎರಡು ಮೂರು ತಿಂಗಳು ದಿನಾ, ಡಾಕ್ಟ್ರು ಹೇಳಿದಷ್ಟು. ಹೊಟ್ಟಿ ತೊಳಸ್ತೈತಿ, ಸಂಡಾಸ ಕರ್ರಗ ಆಗ್ತೈತಿ, ಅದಕ್ಕ ಅಂಜಿ ಹುಡುಗ್ಯಾರು ಗುಳಿಗಿ ಕಿಡಕಿಯಿಂದ ಒಗೀತಾರ. ಕರ್ರಗ ಆಗೋದು ಸಹಜ, ತೊಂದರಿ ಇಲ್ಲ. ಹಸದ ಹೊಟ್ಟಿಲೆ ತಗೊಂಡ್ರ ತೊಳಸೋದು ಜಾಸ್ತಿ, ಬಿಸಿಯೂಟ ಆದಮ್ಯಾಲ ತಗೋಬೇಕು.

ಜಂತಿಗೆ ಫೆಬ್ರುವರಿ 10, ಆಗಸ್ಟ್ 10ಕ್ಕ ಸಾಲಿ ಅಂಗನವಾಡಿ ಒಳಗ ಅಲ್ಬೆಂಡಜೋಲ್ ಗುಳಿಗಿ ಕೊಡ್ತಾರ, 1ರಿಂದ 19 ವಯಸ್ಸಿನ ಎಲ್ಲಾರಿಗೂ. ಎರಡು ವರ್ಷದ ಒಳಗಿನ ಕೂಸಿಗೆ ಅರ್ಧ. ದೊಡ್ಡ ಮಕ್ಕಳು ನುಂಗೋದಲ್ಲ, ಕಡದು ತಿನ್ನೋದು, ಸಣ್ಣ ಕೂಸಿಗೆ ಪುಡಿ ಮಾಡಿ ನೀರಾಗ ಕಲಸಿ ಕೊಡೋದು.

ತೋಳಿನ ಪಟ್ಟಿ ಕೆಂಪು ಬಂದ್ರ

ಅಂಗನವಾಡಿ ಒಳಗ ಸಣ್ಣ ಮಕ್ಕಳ ತೋಳಿಗೆ ಕೆಂಪು, ಹಳದಿ, ಹಸಿರು ಬಣ್ಣದ ಒಂದು ಪಟ್ಟಿ ಸುತ್ತಿ ನೋಡ್ತಾರ. ಆರು ತಿಂಗಳಿಂದ ಐದು ವರ್ಷದ ಕೂಸಿನ ತೋಳಿನ ಸುತ್ತಳತಿ 11.5 ಸೆಂಟಿಮೀಟರ್‌ಗಿಂತ ಕಡಿಮಿ ಇದ್ರ ಕೆಂಪು, ತೀವ್ರ ಅಪೌಷ್ಟಿಕತೆ. 12.5ರ ತನಕ ಹಳದಿ. ಕೆಂಪು ಬಂದ ಕೂಸು ಊಟ ಸೇರ್ಲಿಲ್ಲಂದ್ರ, ಜ್ವರ ಭೇದಿ ಇದ್ರ, ಪಾದ ಬಾತಿದ್ರ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕ ಕಳಸ್ತಾರ. ಅಲ್ಲೆ ಸುಮಾರು ಎರಡು ವಾರ ಅವ್ವ ಕೂಸು ಇಬ್ಬರೂ ಇರ್ಬೇಕು, ವಿಶೇಷ ಹಾಲು ಊಟ ಕೊಡ್ತಾರ, ಅವ್ವಗ ಕೂಲಿ ತಪ್ಪಿದ್ದಕ್ಕ ಸೊಲ್ಪ ಪರಿಹಾರಾನೂ ಐತಿ. "ನನ್ನ ಕೂಸಿಗೆ ಊಟ ಹಾಕಂಗಿಲ್ಲಂತಾರೇನು" ಅಂತ ತಾಯಂದ್ರು ಮನಸ್ಸಿಗೆ ಹಚ್ಕೋತಾರ. ಮನಿ ಊಟ ಕಡಿಮಿ ಆತು ಅಂತಲ್ಲ, ಒಮ್ಮಿ ಆ ಮಟ್ಟಕ್ಕ ಇಳದ ಕೂಸಿನ ಹೊಟ್ಟಿ ಸಾದಾ ಊಟ ಅರಗಿಸ್ಕೊಳ್ಳಾಕ ತಯಾರ್ ಇರಂಗಿಲ್ಲ, ಅದಕ್ಕ ಅಳತಿ ಮಾಡಿ ಕೊಡ್ಬೇಕಾಗ್ತೈತಿ.

ಹತ್ತು ದಾಟಿದ ಹುಡುಗ್ರ ಮಾತು

ಸಣ್ಣ ಕೂಸಿಗೆ ಲಸಿಕಿ, ತೂಕ ಅಂತ ಎಲ್ಲಾರೂ ನೋಡ್ತಾರ, ಆಮ್ಯಾಲ ಮದುವಿ ಆಗಿ ಬಸುರಿ ಆದ್ರ ಮತ್ತ ನೋಡ್ತಾರ. ನಡುವಿನ ಹತ್ತು ವರ್ಷ ಯಾರೂ ಕೇಳಂಗಿಲ್ಲ. ಅದಕ್ಕ 2014ರ ಜನವರಿಯಾಗ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು, 10ರಿಂದ 19 ವಯಸ್ಸಿನವ್ರ ಸಲುವಾಗಿ. ಊಟ, ಮುಟ್ಟು ಮತ್ತ ಲೈಂಗಿಕ ಆರೋಗ್ಯ, ಮನಸ್ಸು, ಚಟ, ಪೆಟ್ಟು ಮತ್ತ ಹಿಂಸೆ, ಮುಂದ ಶುಗರ್ ಬಿಪಿ ಬರದಂಗ ನೋಡೋದು, ಇವು ಆರು ವಿಷಯ. ಇದರಾಗ ಹದಿಹರೆಯದವ್ರ ಜೋಡಿ ಬ್ಯಾರೆ ಕುಂತು ಮಾತಾಡೋ ಕೊಠಡಿ ಸರ್ಕಾರಿ ದವಾಖಾನಿ ಒಳಗ ಮಾಡ್ಯಾರ, ನಮ್ಮ ರಾಜ್ಯದಾಗ ಅದಕ್ಕ ಸ್ನೇಹ ಕ್ಲಿನಿಕ್ ಅಂತಾರ. ಮೊಡವಿಯಿಂದ ಹಿಡದು ಮುಟ್ಟಿನ ಹೊಟ್ಟಿನೋವಿನ ತನಕ ಏನ ಇದ್ರೂ ಕೇಳಬಹುದು.

ಮುಟ್ಟಿನ ವಿಷಯ ಸ್ಪಷ್ಟ ಹೇಳ್ತೀನಿ. ಏಳು ದಿನಕ್ಕಿಂತ ಹೆಚ್ಚು ಹೋದ್ರ, ತಾಸು ಎರಡು ತಾಸಿಗೆ ಪ್ಯಾಡ್ ಬದಲಿ ಮಾಡ್ಬೇಕಾದ್ರ ಅದು ಹೆಚ್ಚು, ತೋರಿಸ್ಬೇಕು. ಹದಿನೈದು ತುಂಬಿದ್ರೂ ಮುಟ್ಟು ಆಗದಿದ್ರೂ ತೋರಿಸ್ಬೇಕು. ಹುಡುಗಿಗೆ ಏನೋ ಐತಿ ಅಂತ ಊರಾಗ ಗೊತ್ತಾದ್ರ ನಾಳಿ ಸಂಬಂಧ ಬರಂಗಿಲ್ಲ ಅಂತ ಮುಚ್ಚಿಡ್ತಾರ. ಹೃದಯದ ಆಪರೇಷನ್ ಬೇಕಾದ ಹುಡುಗಿಯರ ಚೀಟಿ ಸೈತ ಇದ ಕಾರಣಕ್ಕ ಮನ್ಯಾಗ ಉಳೀತಾವ. ಇದು ನನಗ ಎಲ್ಲಾದಕ್ಕಿಂತ ಸಂಕಟ ಕೊಡೋ ಮಾತು.

ಗಂಡು ಹುಡುಗ್ರಾಗ ಗುಟಕಾ. ಸಾಲಿ ಹತ್ತಿರ ತಂಬಾಕಿಂದು ಏನೂ ಮಾರೋದು ಕಾನೂನಿನ್ಯಾಗ ಬಂದ್, ಡಬ್ಬಿ ಅಂಗಡಿ ನೋಡಿದ್ರ ಗೊತ್ತಾಗ್ತೈತಿ ಎಷ್ಟು ಬಂದ್ ಆಗೇತಿ ಅಂತ. ಬಾಯಿ ಪೂರಾ ತೆರಿಯಾಕ ಬರವಲ್ದು, ಖಾರ ತಿಂದ್ರ ಉರೀತೈತಿ ಅಂದ್ರ ಹಲ್ಲಿನ ಡಾಕ್ಟ್ರಿಗೆ ಲಗೂನ ತೋರಿಸ್ರಿ, ಮುಂದ ಕ್ಯಾನ್ಸರ್ ಆಗಬಹುದು ಅನ್ನೋ ಗುರ್ತು ಅದು.

ಮನಸ್ಸಿನ ತೊಂದರಿಗೆ 14416 ನಂಬರ್, ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಐತಿ, ಪುಕ್ಕಟೆ, ರಾತ್ರಿನೂ ಎತ್ತತಾರ, ಕನ್ನಡದಾಗ ಮಾತಾಡ್ತಾರ. ರಿಸಲ್ಟ್ ಟೈಮಿನ್ಯಾಗ ಹುಡುಗ ಊಟ ಬಿಟ್ಟು ಬಾಗಲಾ ಹಾಕ್ಕೊಂಡು ಕುಂತ್ರ, ಬದುಕೋದ ಬ್ಯಾಡ ಅಂದ್ರ, ಸುಮ್ನ ಅಂತಾನ ಅಂತ ಬಿಡಬ್ಯಾಡ್ರಿ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಮನಸ್ಸಿನ ಸರ್ಕಾರಿ ದವಾಖಾನಿ ಐತಿ, ಹುಚ್ಚರ ದವಾಖಾನಿ ಅನ್ನೋ ಹಳೇ ಹೆಸರಿಗೆ ಅಂಜಿ ಜನ ಹೋಗಂಗಿಲ್ಲ, ಆದ್ರ ಅಲ್ಲೆ ನಿದ್ದಿ ಬರದಿರೋ, ಪರೀಕ್ಷಾ ಅಂಜಿಕಿ ಇರೋ ಸಾದಾ ಮಕ್ಕಳೂ ಬಂದು ತೋರಿಸ್ಕೊಂಡು ಹೋಗ್ತಾರ. ಹಿಂಸೆ, ಬಾಲ್ಯವಿವಾಹ, ದುಡಿಮಿಗೆ ಹಚ್ಚೋದು ಇಂಥವಕ್ಕ 1098.

ಹೋಗುವಾಗ ಏನ್ ತಗೊಂಡು ಹೋಗ್ಬೇಕು

ಚೀಟಿ, ಕೂಸಿಂದೂ ಅವ್ವ ಅಪ್ಪಂದೂ ಆಧಾರ್, ರೇಷನ್ ಕಾರ್ಡ್, ಸಣ್ಣ ಕೂಸಾದ್ರ ತಾಯಿ ಕಾರ್ಡ್, ಮೊದಲು ತೋರಿಸಿದ ಎಲ್ಲಾ ಕಾಗದ. ಡಾಕ್ಟ್ರನ್ನ ಮೂರು ಮಾತು ಕೇಳ್ರಿ: ಏನಾಗೇತಿ, ಎಷ್ಟು ದಿನದಾಗ ಚಿಕಿತ್ಸಾ ಆಗ್ಬೇಕು, ಮತ್ತ ಯಾವಾಗ ಬರ್ಬೇಕು. ಮುಂದಿನ ತಾರೀಕು ಚೀಟಿ ಮ್ಯಾಲ ಬರಿಸ್ಕೋರಿ.

ದುಡಿಯಾಕ ಗೋವಾ, ಮಂಗಳೂರು ಕಡೆ ಹೋಗೋರು ಕಾಗದ ಊರಾಗ ಟ್ರಂಕಿನ್ಯಾಗ ಇಟ್ಟು ಹೋಗ್ತಾರ. ಆರ್‌ಬಿಎಸ್‌ಕೆ ಇಡೀ ದೇಶದ್ದು, ಹೋದ ಊರಿನ ಅಂಗನವಾಡಿ, ಸರ್ಕಾರಿ ದವಾಖಾನಿ ಒಳಗೂ ಕೇಳಬಹುದು, ಕಾಗದ ಕೈಯಾಗ ಇದ್ರ ಮೊದಲಿಂದ ಶುರು ಮಾಡೋದು ತಪ್ಪತೈತಿ. ಸಾಲಿ ಬಿಟ್ಟ ಮಕ್ಕಳು ಸಾಲಿ ತಪಾಸಣಿ ಒಳಗ ಸಿಗಂಗಿಲ್ಲ. ಅಂಥ ಹುಡುಗ ಹುಡುಗಿ ನಿಮ್ಮ ಓಣ್ಯಾಗ ಇದ್ರ ಆಶಾ ಅಕ್ಕಾರಿಗೆ ಹೆಸರು ಹೇಳ್ರಿ, ಅಂಗನವಾಡಿಗೆ ಟೀಮ್ ಬರೋ ದಿನ ಕರ್ಕೊಂಡು ಬರ್ಬಹುದೇನು ಅಂತ ಕೇಳ್ರಿ.

ಚೀಟಿ ಕಳದಿದ್ರ ಮುಂದಿನ ವರ್ಷದ ತನಕ ಕಾಯೋದು ಬ್ಯಾಡ. ಯಾರನ್ನ ಎಲ್ಲಿಗೆ ಕಳಿಸ್ಯಾರ ಅನ್ನೋದನ್ನ ಟೀಮ್‌ನವ್ರು ತಮ್ಮ ರಿಜಿಸ್ಟರ್‌ನಾಗ ಬರ್ಕೊಂಡಿರ್ತಾರ. ಹೆಡ್‌ಮಾಸ್ತರಿಗೆ ಇಲ್ಲಾ ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಮಗುವಿನ ಹೆಸರು, ಸಾಲಿ, ಟೀಮ್ ಬಂದ ತಾರೀಕು ಹೇಳಿದ್ರ ಹುಡುಕಿ ಮತ್ತ ಬರದು ಕೊಡ್ತಾರ.